ಬ್ಲಾಕ್ ಒಂದು, ಒಳಗೆ ಮೂರು ಎಂಜಿನ್: ಒಂದು ಹಳೇ ಜೀಪಿನ ಪ್ರಕರಣ

ಜೀಪು ನನ್ನದಲ್ಲ, ನಮ್ಮ ಸೋದರಮಾವನದು. ಆದರೆ ಅದರ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವ ಐದು ತಿಂಗಳು ಪ್ರತಿ ಭಾನುವಾರ ಅದರ ಪಕ್ಕ ಕೂತವನು ನಾನು. ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು, ಕಿವಿ ಮೇಲೆ ಪೆನ್ಸಿಲ್ಲು. ಈಗ ಆ ಪುಸ್ತಕದ ಮುಕ್ಕಾಲು ಭಾಗ ಎಣ್ಣೆ ಕಲೆ. ಓದಲು ಬರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾವನ ಊರು ಜಗಳೂರು ಕಡೆ. ಜೀಪು ಅವರ ಅಪ್ಪನ ಕಾಲದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ ಸೇನೆ ಬಿಟ್ಟುಹೋದ ಗಾಡಿಗಳು ಹರಾಜಾದವಲ್ಲ, ಆ 'ಡಿಸ್ಪೋಸಲ್ ಜೀಪು' ಇದು. ಕಾಗದದಲ್ಲಿ 'ವಿಲ್ಲಿಸ್' ಅಂತಿದೆ. ಎರಡು ವರ್ಷದ ಹಿಂದೆ ಬೇರೊಂದು ಕಡೆ ಎಂಜಿನ್ ಪೂರ್ತಿ ಓವರ್‌ಹಾಲ್ ಮಾಡಿಸಿದ್ದರು. ಹೊಸ ರಿಂಗು, ಹೊಸ ಬೇರಿಂಗು, ದೊಡ್ಡ ಬಿಲ್ಲು. ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಒಳಗಿಂದ ಟಕ್ ಟಕ್ ಶುರುವಾಯಿತು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಗೇಜಿನ ಮುಳ್ಳು ನೆಲ ಕಚ್ಚುತ್ತಿತ್ತು. ಆ ಸ್ಥಿತಿಯಲ್ಲಿ ಅದನ್ನು ದಾವಣಗೆರೆಗೆ ಎಳೆದು ತಂದೆವು. ಹಳೇ ಪಿ.ಬಿ. ರೋಡಿನ ಹಿಂದೆ ನನಗೆ ಗೊತ್ತಿರುವ ಮೇಸ್ತ್ರಿಯ ಶೆಡ್ಡಿದೆ, ಅಲ್ಲಿಗೆ.

ಮೊದಲ ದಿನ ಬಿಚ್ಚಲಿಲ್ಲ, ಕೇಳಿದೆವು. ಮೇಸ್ತ್ರಿ ಎಂಜಿನ್ ಸ್ಟಾರ್ಟ್ ಮಾಡಿಸಿ, ಒಂದೊಂದೇ ಪ್ಲಗ್ಗಿನ ವೈರ್ ತೆಗೆದು ಹಾಕಿದರು. ಒಂದನೆಯದು ತೆಗೆದಾಗ ಸದ್ದು ಹಾಗೇ ಇತ್ತು. ಎರಡನೆಯದು, ಅದೂ ಅಷ್ಟೇ. ಮೂರನೆಯದು ತೆಗೆದ ಕೂಡಲೇ ಟಕ್ ಟಕ್ ಮೆತ್ತಗಾಯಿತು. "ಮೂರನೇ ರಾಡು ಅಳ್ತಾ ಐತೆ" ಅಂದರು. ರಾಡು ಅಂದರೆ ಪಿಸ್ಟನ್ನನ್ನು ಕೆಳಗಿನ ತಿರುಗುವ ದಂಡಕ್ಕೆ (ಕ್ರ್ಯಾಂಕ್) ಜೋಡಿಸುವ ಕೋಲು. ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದಿದ್ದರೆ ರಾಡಿನ ಮೇಲೆ ಹೊಡೆತ ಬೀಳುವುದಿಲ್ಲ, ಸದ್ದೂ ಇಲ್ಲ. ಲೆಕ್ಕ ಸರಿ.

ಆಯಿಲ್ ಪ್ರೆಷರ್ ಇಲ್ಲದಿರುವುದಕ್ಕೆ ಪಂಪು ಸವೆದಿರಬೇಕು ಅಂತ ನಾನು ತೀರ್ಮಾನ ಮಾಡಿದೆ. ಈ ಪ್ರಕರಣದಲ್ಲಿ ನನ್ನ ಮೊದಲ ತಪ್ಪು ಇದೇ. ಪಂಪು ತರಿಸಬೇಕಾದರೆ ಯಾವ ಎಂಜಿನ್ ಅಂತ ಹೇಳಬೇಕು. ಬಾನೆಟ್ ಎತ್ತಿ ನೋಡಿದರೆ ಎಲ್-ಹೆಡ್ ಅಂತ ಗೊತ್ತಾಗುತ್ತದೆ. ಎರಡೂ ವಾಲ್ವು ಬ್ಲಾಕಿನೊಳಗೇ ಇರುತ್ತವೆ, ಮೇಲಿನ ಹೆಡ್ಡು ಸುಮ್ನೆ ಒಂದು ಚಪ್ಪಟೆ ಮುಚ್ಚಳ. ಮಹೀಂದ್ರದ ಎತ್ತರ ಬಾನೆಟ್ಟಿನ ಪೆಟ್ರೋಲ್ ಜೀಪಿನಲ್ಲಿ ಇರುವುದು ಎಫ್-ಹೆಡ್. ಅದರಲ್ಲಿ ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ಮಾತ್ರ ಬ್ಲಾಕಿನಲ್ಲಿ. ಎಂಜಿನ್ ಎತ್ತರವಾಗಿದ್ದಕ್ಕೇ ಬಾನೆಟ್ಟೂ ಎತ್ತರ. ಆದರೆ ಎರಡರ ಬೋರೂ (ಸಿಲಿಂಡರಿನ ಅಗಲ) ಒಂದೇ, 3.125 ಇಂಚು. ಸ್ಟ್ರೋಕೂ (ಪಿಸ್ಟನ್ ಏರಿಳಿಯುವ ದೂರ) ಒಂದೇ, 4.375 ಇಂಚು. ಎರಡೂ 134 ಕ್ಯೂಬಿಕ್ ಇಂಚು, ಅಂದರೆ ಸುಮಾರು 2200 ಸಿ.ಸಿ. ಈ ಅಣ್ಣತಮ್ಮಂದಿರ ಹೋಲಿಕೆಯೇ ಮುಂದಿನ ಅರ್ಧ ಗೊಂದಲಕ್ಕೆ ಕಾರಣ, ಅರ್ಧ ಪರಿಹಾರಕ್ಕೂ ಕಾರಣ.

ಬ್ಲಾಕಿನ ಪಕ್ಕದ ಮಡ್ಡಿ ಕೆರೆದಾಗ ಎರಕದ ನಂಬರು ಸಿಕ್ಕಿತು: 638632. ಇದು ಯುದ್ಧಕಾಲದ ವಿಲ್ಲಿಸ್ ಎಂ.ಬಿ. ಜೀಪಿನ ಬ್ಲಾಕು. ಯುದ್ಧದ ನಂತರದ ಸಿವಿಲ್ ಜೀಪುಗಳಲ್ಲಿ ಸಿಗುವುದು 641087. ನನಗೋ ಖುಷಿಯೋ ಖುಷಿ. ಅಂಗಡಿಗೆ ಫೋನ್ ಮಾಡಿ "ಎಂ.ಬಿ. ಎಂಜಿನ್, ಆಯಿಲ್ ಪಂಪ್ ಬೇಕು" ಅಂದೆ. ಹನ್ನೆರಡು ದಿನಕ್ಕೆ ಪಂಪು ಬಂತು. ಅಂಗಡಿಯವರ ತಪ್ಪೇನೂ ಇಲ್ಲ, ನಾನು ಕೇಳಿದ್ದನ್ನೇ ಕಳಿಸಿದ್ದರು.

ಪಂಪು ಕೂರಲಿಲ್ಲ.

ಈ ಎಂಜಿನ್‌ನಲ್ಲಿ ಆಯಿಲ್ ಪಂಪು ಬ್ಲಾಕಿನ ಹೊರಗಡೆ ಇರುತ್ತದೆ. ಅದರ ಶಾಫ್ಟಿನ ಮೇಲೆ ಓರೆ ಹಲ್ಲಿನ ಒಂದು ಗಿಯರು. ಅದು ಒಳಗೆ ಹೋಗಿ, ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್‌ಶಾಫ್ಟಿನ ಹಲ್ಲಿಗೆ ಸೇರಬೇಕು. ಅದೇ ಶಾಫ್ಟಿನ ತುದಿಯಿಂದ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ತಿರುಗುತ್ತದೆ. ನಮ್ಮ ಹೊಸ ಪಂಪು ಮುಕ್ಕಾಲು ಒಳಗೆ ಹೋಗಿ ಕಚ್ಚಿ ನಿಂತುಬಿಟ್ಟಿತು. ಶೆಡ್ಡಿನ ಹುಡುಗ ರಬ್ಬರ್ ಸುತ್ತಿಗೆ ತಂದ. ಮೇಸ್ತ್ರಿ ಅವನ ಕೈ ಹಿಡಿದರು. ಹಳೇ ಪಂಪನ್ನೂ ಹೊಸದನ್ನೂ ಪಕ್ಕಪಕ್ಕ ಬೆಂಚಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ನೋಡಿ, "ಹಲ್ಲು ನೋಡಿ ಸ್ವಾಮಿ, ಒಂದು ಎಡಕ್ಕೆ ವಾಲೈತೆ, ಇನ್ನೊಂದು ಬಲಕ್ಕೆ" ಅಂದರು.

ಇದು ಯಾಕೆ ಹೀಗೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹಳೇ ಜೀಪಿನವರು ಜಾಸ್ತಿ ದುಡ್ಡು ಕಳೆಯುವುದು ಇಲ್ಲೇ. ಮೊದಲ ಎಲ್-ಹೆಡ್ ಎಂಜಿನ್‌ಗಳಲ್ಲಿ ಕ್ರ್ಯಾಂಕಿನಿಂದ ಕ್ಯಾಮ್‌ಗೆ ಟೈಮಿಂಗ್ ಚೈನು. ಯುದ್ಧ ಮುಗಿದ ಮೇಲೆ ಸಿವಿಲ್ ಜೀಪುಗಳಲ್ಲಿ ಚೈನು ತೆಗೆದು ಗಿಯರು ಹಾಕಿದರು. ಸೈಕಲ್ ನೆನಪಿಸಿಕೊಳ್ಳಿ: ಚೈನಿದ್ದರೆ ಪೆಡಲೂ ಹಿಂದಿನ ಚಕ್ರವೂ ಒಂದೇ ಕಡೆ ತಿರುಗುತ್ತವೆ. ಕಬ್ಬಿನ ಗಾಣದಲ್ಲಿ ಹಲ್ಲಿಗೆ ಹಲ್ಲು ಸೇರಿದ ಎರಡು ಗಾಲಿಗಳು ಎದುರುಬದುರು ತಿರುಗುತ್ತವೆ. ಹಾಗಾಗಿ ಚೈನ್ ಎಂಜಿನ್‌ನ ಕ್ಯಾಮು ಕ್ರ್ಯಾಂಕಿನ ದಿಕ್ಕಿಗೇ ತಿರುಗುತ್ತದೆ, ಗಿಯರ್ ಎಂಜಿನ್‌ನ ಕ್ಯಾಮು ಉಲ್ಟಾ. ಆದರೆ ಪಂಪೂ ಡಿಸ್ಟ್ರಿಬ್ಯೂಟರೂ ಎರಡರಲ್ಲೂ ಒಂದೇ ಕಡೆ ತಿರುಗಬೇಕು. ಅದಕ್ಕೆ ಕ್ಯಾಮಿನ ಮೇಲಿನ ಹಲ್ಲಿನ ಓರೆಯನ್ನೂ ಪಂಪಿನ ಹಲ್ಲಿನ ಓರೆಯನ್ನೂ ತಿರುಗಿಸಿ ಕೊಯ್ದರು. ಹೊರಗಿನಿಂದ ಪಂಪು ಅದೇ ಪಂಪು. ಹಲ್ಲು ಮಾತ್ರ ಬೇರೆ.

ಅಂದರೆ ಯುದ್ಧಕಾಲದ ನಮ್ಮ ಬ್ಲಾಕಿನೊಳಗೆ ಗಿಯರ್ ಕ್ಯಾಮು ಕೂತಿದೆ ಅಂತಾಯಿತು. ಖಾತ್ರಿ ಮಾಡಿಕೊಳ್ಳಲು ಮುಂದಿನ ಕವರ್ ಬಿಚ್ಚಬೇಕಾಗಿಲ್ಲ. ಮೇಸ್ತ್ರಿ ಪಂಪಿನ ತೂತಿನೊಳಗೆ ಟಾರ್ಚ್ ಬಿಟ್ಟು ನೋಡುತ್ತಾ ಕೂತರು, ನಾನು ಮುಂದಿನಿಂದ ಹ್ಯಾಂಡಲ್ ಹಾಕಿ ಕ್ರ್ಯಾಂಕ್ ತಿರುಗಿಸಿದೆ. ಕ್ಯಾಮು ಎದುರು ದಿಕ್ಕಿಗೆ ತಿರುಗಿತು. ಅನುಮಾನ ಉಳಿಯಲಿಲ್ಲ. ಹಳೇ ಜೀಪಿಗೆ ಪಂಪು, ಕ್ಯಾಮು, ಟೈಮಿಂಗ್ ಸಾಮಾನು ತರಿಸುವ ಮೊದಲು ಈ ಐದು ನಿಮಿಷದ ಪರೀಕ್ಷೆ ಮಾಡಿ. ನಂಬರು ಅದು ಕೆತ್ತಿರುವ ಪಾರ್ಟಿನ ಬಗ್ಗೆ ಮಾತ್ರ ಹೇಳುತ್ತದೆ. 638632 ನಮಗೆ ಬ್ಲಾಕಿನ ಬಗ್ಗೆ ನಿಜವನ್ನೇ ಹೇಳಿತ್ತು. ಅದನ್ನು ಇಡೀ ಎಂಜಿನ್ನಿಗೆ ಹಚ್ಚಿದ್ದು ನಾನು.

ಕೊನೆಗೆ ಮುಂದಿನ ಕವರೂ ಬಿಚ್ಚಿದೆವು. ಒಳಗೆ ಫೈಬರ್ ಕ್ಯಾಮ್ ಗಿಯರು. ಹಿಂದೆ ಯಾವನೋ ಜಾಣ ಮೇಸ್ತ್ರಿ, ಚೈನು ಸಿಗದ ಕಾಲದಲ್ಲಿ, ಸಿವಿಲ್ ಜೀಪಿನ ಎಲ್-ಹೆಡ್ಡಿನಿಂದ ಕ್ಯಾಮು, ಎರಡೂ ಗಿಯರು, ಪಂಪು ಎಲ್ಲ ಒಟ್ಟಿಗೇ ತಂದು ಕೂರಿಸಿದ್ದಾನೆ. ಒಟ್ಟಿಗೇ ತಂದದ್ದು ಅವನ ದೊಡ್ಡತನ. ಕ್ಯಾಮು ಮಾತ್ರ ಬದಲಿಸಿ ಪಂಪು ಹಳೆಯದೇ ಇಟ್ಟಿದ್ದರೆ ಎಂಜಿನ್ ಏಳುತ್ತಲೇ ಇರಲಿಲ್ಲ. ಎಫ್-ಹೆಡ್ಡಿನ ಕ್ಯಾಮನ್ನೂ ಅವನು ಮುಟ್ಟಿಲ್ಲ, ಅದು ಎಲ್-ಹೆಡ್ಡಿಗೆ ಆಗುವುದಿಲ್ಲ. ಅವನ ನಂತರ ಬಂದವರು ಅಷ್ಟು ಜಾಣರಲ್ಲ. ಗಿಯರಿನ ಮೇಲೆ ಎಣ್ಣೆ ಚಿಮ್ಮುವ ಒಂದು ಪುಟ್ಟ ಜೆಟ್ ಇರುತ್ತದೆ. ಗ್ಯಾಸ್ಕೆಟ್ಟಿಗೆ ಮೆತ್ತಿದ ಕೆಂಪು ಸೀಲೆಂಟು ಹರಿದು ಬಂದು ಅದರ ತೂತು ಮುಚ್ಚಿಬಿಟ್ಟಿತ್ತು. ಫೈಬರ್ ಹಲ್ಲುಗಳ ಅಂಚು ಒಣಗಿ ನಾರು ಎದ್ದಿತ್ತು. ಗಿಯರು ಬದಲಿಸಿದೆವು, ಜೆಟ್ಟನ್ನು ಗಿಟಾರಿನ ತಂತಿಯಲ್ಲಿ ಬಿಡಿಸಿದೆವು.

ಸಂಪು, ಅಂದರೆ ಎಂಜಿನ್ ಅಡಿಯ ಎಣ್ಣೆ ತೊಟ್ಟಿ, ಇಳಿಸಿದ ದಿನ ಇನ್ನೊಂದು ತಮಾಷೆ. ಕೆಲವು ಬೋಲ್ಟಿನ ತಲೆಯ ಮೇಲೆ ಇಂಗ್ಲಿಷ್ 'ಎಫ್' ಅಕ್ಷರ. ಮೇಸ್ತ್ರಿ "ಇದು ಎಫ್-ಹೆಡ್ ಸಾಮಾನು, ಅದಕ್ಕೇ ಹೊಂದ್ತಿಲ್ಲ" ಅಂದರು. ಅಲ್ಲ. ಅದು ಫೋರ್ಡ್ ಕಂಪನಿಯ ಗುರುತು. ಯುದ್ಧದ ಹೊತ್ತಿಗೆ ವಿಲ್ಲಿಸ್ ಒಬ್ಬರಿಂದಲೇ ಅಷ್ಟು ಜೀಪು ಮಾಡಲು ಆಗಲಿಲ್ಲ ಅಂತ ಫೋರ್ಡ್ ಕೂಡ ಅದೇ ನಕ್ಷೆ ಹಿಡಿದು ಜಿಪಿಡಬ್ಲ್ಯು ಅಂತ ಜೀಪು ಕಟ್ಟಿತು, ತನ್ನ ಸಾಮಾನಿನ ಮೇಲೆಲ್ಲ 'ಎಫ್' ಒತ್ತಿತು. ಇಬ್ಬರ ಸಾಮಾನೂ ಒಂದಕ್ಕೊಂದು ಹೊಂದಬೇಕು ಅನ್ನುವುದೇ ಸೇನೆಯ ಷರತ್ತು. ಹಾಗಾಗಿ ಫೋರ್ಡ್ ಬೋಲ್ಟು ನಮಗೆ ತೊಂದರೆಯಲ್ಲ. ಲೆಕ್ಕಕ್ಕೆ ಮಾತ್ರ ಒಂದು ಹೆಚ್ಚಾಯಿತು: ವಿಲ್ಲಿಸ್ ಬ್ಲಾಕು, ಸಿವಿಲ್ ಜೀಪಿನ ಕ್ಯಾಮು, ಫೋರ್ಡಿನ ಬೋಲ್ಟು. ಮಾವ ಇದನ್ನು ಕೇಳಿ "ನಮ್ಮಪ್ಪ ಒಂದು ಜೀಪು ತಂದಿದ್ದು, ಈಗ ಮೂರಾಗ್ಯಾವು" ಅಂತ ನಕ್ಕರು.

ಟಕ್ ಟಕ್ಕಿಗೆ ಬರೋಣ. ಮೂರನೇ ಪಿಸ್ಟನ್ ತೆಗೆದಾಗ ಅದರ ಒಳಗೆ, ಪಿನ್ನು ಕೂರುವ ದಪ್ಪ ಭಾಗ ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರಾಡಿನ ಮೇಲ್ತುದಿ ಅಲ್ಲಿ ಉಜ್ಜಿದೆ. ಇನ್ನೊಂದು ಕಡೆ ಧಾರಾಳ ಜಾಗ. ನಾಲ್ಕೂ ರಾಡುಗಳನ್ನು ಬೆಂಚಿನ ಮೇಲೆ ಸಾಲಾಗಿ ಮಲಗಿಸಿದೆವು. ನೋಡಲು ಒಂದೇ ಥರ. ಆಗ ಸಹಾಯಕ್ಕೆ ಬಂದವರು ಹರಿಹರದ ಒಬ್ಬ ಹಿರಿಯರು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ದುಡಿದವರು. ಈ ಭಾಗದ ಯಾವ ವರ್ಕ್‌ಶಾಪಿಗೆ ಹೋದರೂ ಆ ಕಾರ್ಖಾನೆಯ ಒಂದು ಟರ್ನ್‌ಮಾಸ್ಟರ್ ಲೇತ್ ಇನ್ನೂ ತಿರುಗುತ್ತಿರುತ್ತದೆ, ಅದನ್ನು ಕಟ್ಟಿದ ಕೈಗಳು ಮಾತ್ರ ಮನೆಯಲ್ಲಿವೆ. ಅವರು ತಮ್ಮ ಮೈಕ್ರೋಮೀಟರನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

ಅವರು ಮೊದಲು ಅಳತೆ ಹಿಡಿಯಲಿಲ್ಲ. ಒಂದೊಂದೇ ರಾಡನ್ನು ಕೆಳಗಿನ ದೊಡ್ಡ ತುದಿಯ ಕಡೆಯಿಂದ ಕಣ್ಣಿಗೆ ನೇರ ಹಿಡಿದರು. "ದೊಡ್ಡ ಕಣ್ಣು ನಟ್ಟನಡುವೆ ಇಲ್ಲ ನೋಡಿ, ಒಂದು ಪಕ್ಕಕ್ಕೆ ಸರಿದೈತೆ." ನಿಜ. ಈ ಎಂಜಿನ್‌ಗೆ ಕ್ರ್ಯಾಂಕನ್ನು ಹೊರುವ ಮೂರೇ ಮೇನ್ ಬೇರಿಂಗು: ಮುಂದೆ ಒಂದು, ನಡುವೆ ಒಂದು, ಹಿಂದೆ ಒಂದು. ಜಾಗ ಸಾಲದು ಅಂತ ರಾಡಿನ ದೊಡ್ಡ ತುದಿಯನ್ನು ಪಕ್ಕಕ್ಕೆ ಸರಿಸಿ ಮಾಡಿದ್ದಾರೆ. ನಿಯಮ ಇಷ್ಟೇ: ಸರಿದ ಭಾಗ ಹತ್ತಿರದ ಮೇನ್ ಬೇರಿಂಗಿನಿಂದ ದೂರಕ್ಕೆ ಇರಬೇಕು. ಜೊತೆಗೆ ರಾಡಿನಲ್ಲಿ ಎಣ್ಣೆ ಚಿಮ್ಮಿಸುವ ಒಂದು ತೂತಿದೆ, ನಾಲ್ಕರದ್ದೂ ಎಂಜಿನ್ನಿನ ಒಂದೇ ಪಕ್ಕಕ್ಕೆ ಮುಖ ಮಾಡಬೇಕು. ಈ ಎರಡನ್ನೂ ಸೇರಿಸಿ ನೋಡಿದರೆ ಒಂದನೇ ಮತ್ತು ಮೂರನೇ ರಾಡು ಒಂದು ಜಾತಿ, ಎರಡು ಮತ್ತು ನಾಲ್ಕು ಇನ್ನೊಂದು ಜಾತಿ. ಎಡಗಾಲು ಬಲಗಾಲಿನ ಚಪ್ಪಲಿ ಇದ್ದ ಹಾಗೆ.

ನಮ್ಮ ಬೆಂಚಿನ ಮೇಲೆ ಒಂದು ಎಡಗಾಲು, ಮೂರು ಬಲಗಾಲು ಇದ್ದವು.

ಹಿಂದಿನ ಓವರ್‌ಹಾಲ್‌ನಲ್ಲಿ ಮೂರನೇ ರಾಡು ಕೆಟ್ಟಿರಬೇಕು. ಗುಜರಿಯಿಂದ ಒಂದು ತಂದಿದ್ದಾರೆ, ಉದ್ದ ಸರಿ, ಕಣ್ಣಿನ ಅಳತೆ ಸರಿ, ಎಣ್ಣೆ ತೂತನ್ನು ಉಳಿದವುಗಳ ಕಡೆಗೇ ತಿರುಗಿಸಿ ಹಾಕಿದ್ದಾರೆ. ಸರಿದ ಭಾಗ ತಪ್ಪು ಕಡೆ ಬಂತು, ರಾಡು ಪಿಸ್ಟನ್ನಿನ ಒಂದು ಗೋಡೆಗೆ ಒರಗಿತು. ಅದು ಕೂರುವ ಕ್ರ್ಯಾಂಕ್ ಪಿನ್ನೂ ಉಳಿದ ಮೂರಕ್ಕಿಂತ ನಾಲ್ಕು ಥೌ ಜಾಸ್ತಿ ಸವೆದು, ಮೊಟ್ಟೆ ಆಕಾರಕ್ಕೆ ಬಂದಿತ್ತು. ಒಂದು ಥೌ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು.

ಆಯಿಲ್ ಪ್ರೆಷರ್‌ನ ಗುಟ್ಟು ಹೊರಬಿದ್ದದ್ದು ಅದೇ ಸಂಜೆ. ನಡುವಿನ ಮೇನ್ ಬೇರಿಂಗಿನ ಎರಡು ಅರ್ಧ ಶೆಲ್ಲುಗಳ (ಕ್ರ್ಯಾಂಕನ್ನು ಅಪ್ಪಿಕೊಳ್ಳುವ ಅರ್ಧ ಬಳೆಗಳ) ಬೆನ್ನು ಒರೆಸಿ ನೋಡಿದರೆ, ಮೇಲಿನದರಲ್ಲಿ 020, ಕೆಳಗಿನದರಲ್ಲಿ 010. ಇಪ್ಪತ್ತು ಥೌ ಸಣ್ಣದಾಗಿ ಕೊರೆದ ಕ್ರ್ಯಾಂಕಿಗೆ ಒಂದು ಅರ್ಧ ಇಪ್ಪತ್ತರದ್ದು, ಇನ್ನೊಂದು ಅರ್ಧ ಹತ್ತರದ್ದು! ಶೆಲ್ಲಿನ ದಪ್ಪದಲ್ಲಿ ಐದು ಥೌ ಕಮ್ಮಿ, ಅಂದರೆ ಎಣ್ಣೆ ಸೋರಲು ಐದು ಥೌ ಹೆಚ್ಚಿನ ಸಂದು. ಇಂಥ ಬೇರಿಂಗಿಗೆ ಒಂದೆರಡು ಥೌ ಸಂದೇ ಸಾಕು. ಇಷ್ಟು ಬಾಗಿಲು ತೆರೆದಿಟ್ಟರೆ ಯಾವ ಪಂಪು ತಾನೇ ಪ್ರೆಷರ್ ನಿಲ್ಲಿಸುತ್ತೆ? ಹಳೇ ಪಂಪನ್ನು ಬಿಚ್ಚಿ ಅಳೆದೆವು. ಚೆನ್ನಾಗೇ ಇತ್ತು. ನಾನು ತರಿಸಿದ ಹೊಸ ಪಂಪು ಹೊಂದಲಿಲ್ಲ ಅನ್ನುವುದು ಒಂದು ಕಡೆ, ಬೇಕಾಗಿಯೇ ಇರಲಿಲ್ಲ ಅನ್ನುವುದು ಇನ್ನೊಂದು ಕಡೆ.

ರಾಡಿಗೆ ಚಿತ್ರದುರ್ಗಕ್ಕೆ ಹೋದೆವು. ಅಲ್ಲಿನ ಒಂದು ಗುಜರಿಯಲ್ಲಿ ಮಹೀಂದ್ರ ಪೆಟ್ರೋಲ್ ಜೀಪಿನ ಎಫ್-ಹೆಡ್ ಎಂಜಿನ್ ಬಿದ್ದಿದೆ ಅಂತ ಸುದ್ದಿ. ಹೆಡ್ಡು ಒಡೆದಿತ್ತು, ನಮಗೆ ಹೆಡ್ಡು ಬೇಕಾಗಿಯೂ ಇರಲಿಲ್ಲ. ವಾಟರ್ ಪಂಪಿನ ಹತ್ತಿರ ಕೆತ್ತಿದ ಎಂಜಿನ್ ನಂಬರಿನ ಕೊನೆಗೆ 'ಎ' ಅಕ್ಷರ ಇತ್ತು. ಇದನ್ನು ಎಷ್ಟೋ ಜನ ನೋಡಿಯೂ ನೋಡುವುದಿಲ್ಲ. 'ಎ' ಇದ್ದರೆ ಮೇನ್ ಮತ್ತು ರಾಡ್ ಜರ್ನಲ್‌ಗಳು, ಅಂದರೆ ಕ್ರ್ಯಾಂಕಿನ ಮೇಲೆ ಬೇರಿಂಗು ಕೂರುವ ಜಾಗಗಳು, ಕಾರ್ಖಾನೆಯಿಂದಲೇ ಹತ್ತು ಥೌ ಸಣ್ಣ. 'ಬಿ' ಇದ್ದರೆ ಪಿಸ್ಟನ್ ಹತ್ತು ಥೌ ದೊಡ್ಡದು. 'ಎಬಿ' ಅಂದರೆ ಎರಡೂ. ಹೊಸ ಎಂಜಿನ್ ಅಂತ ಸ್ಟ್ಯಾಂಡರ್ಡ್ ಬೇರಿಂಗ್ ತಂದು ಹಾಕಿ ಪೆಟ್ಟು ತಿಂದವರ ಕಥೆ ಇದರಿಂದಲೇ ಹುಟ್ಟಿದ್ದು. ಆ ಕ್ರ್ಯಾಂಕ್ ಗೀರು ಬಿದ್ದಿತ್ತು, ಬಿಟ್ಟೆವು. ರಾಡುಗಳು ಮಾತ್ರ ಚೊಕ್ಕ. ರಾಡು, ಬೇರಿಂಗು, ಪಿಸ್ಟನ್, ವಾಟರ್ ಪಂಪು ಎಲ್-ಹೆಡ್ಡಿಗೂ ಎಫ್-ಹೆಡ್ಡಿಗೂ ಹೊಂದುತ್ತವೆ. ಹೆಡ್ ಗ್ಯಾಸ್ಕೆಟ್ ಹೊಂದುವುದಿಲ್ಲ.

ಮಾವ "ಒಂದೇ ತಗೊಳ್ಳಿ" ಅಂದರು. ನಾನು ನಾಲ್ಕೂ ಬೇಕು ಅಂದೆ. ಬೇರೆ ಬೇರೆ ಕಾಲದಲ್ಲಿ ತಯಾರಾದ ರಾಡುಗಳ ತೂಕ ಬೇರೆ ಬೇರೆ. ತೂಕ ಹೊಂದಿಸಲು ಅರೆಯುತ್ತಾ ಕೂರುವುದಕ್ಕಿಂತ ಒಂದೇ ಎಂಜಿನ್ನಿನ ನಾಲ್ಕನ್ನೂ, ಅವುಗಳ ಕ್ಯಾಪಿನ ಸಮೇತ, ನಂಬರು ಹಾಕಿ ತರುವುದು ಸುಲಭ. ಗುಜರಿಯವನ ಜೊತೆ ಒಂದು ಗಂಟೆ ಚೌಕಾಸಿ ಆಯಿತು. ಕೊನೆಗೆ ಮಾವನೇ ದುಡ್ಡು ಎಣಿಸಿದರು, ಮುಖ ಮಾತ್ರ ಗಂಟು.

ಆ ಎಂಜಿನ್ನಿನ 12 ವೋಲ್ಟ್ ಸ್ಟಾರ್ಟರ್ ಮೇಲೂ ಮಾವನ ಕಣ್ಣು ಬಿತ್ತು. ಬೇಡ ಅಂದೆ. ಯುದ್ಧಕಾಲದ ಫ್ಲೈವೀಲಿನ ರಿಂಗಿಗೆ 97 ಹಲ್ಲು. ನಂತರದ 6 ವೋಲ್ಟ್ ಸಿವಿಲ್ ಜೀಪಿಗೆ 124, 12 ವೋಲ್ಟಿನದ್ದಕ್ಕೆ 129. ನಮ್ಮದನ್ನು ಚಾಕ್‌ಪೀಸ್ ಗುರುತು ಹಾಕಿ ಎಣಿಸಿಯೇ ಹೋಗಿದ್ದೆ: 97. ರಿಂಗೂ ಸ್ಟಾರ್ಟರೂ ಗಂಡಹೆಂಡತಿ, ಒಂದನ್ನೇ ಬದಲಿಸಲು ಬರುವುದಿಲ್ಲ.

ಮುಂದಿನದು ಲೇತಿನ ಕೆಲಸ, ಜಾಸ್ತಿ ಹೇಳುವುದಿಲ್ಲ. ರಾಡ್ ಜರ್ನಲ್‌ನ ಮೂಲ ಅಳತೆ 1.9375 ಇಂಚು, ನಮ್ಮದನ್ನು ಮೂವತ್ತು ಥೌ ಕೆಳಗೆ ಕೊರೆಸಿದೆವು. ಮೇನ್‌ಗಳನ್ನೂ ಅಷ್ಟೇ. ಎಲ್ಲ ಶೆಲ್ಲಿನ ಬೆನ್ನೂ ಒಂದೊಂದಾಗಿ ಓದಿ 030 ಅಂತ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದ ಮೇಲೇ ಡಬ್ಬಿಯಿಂದ ತೆಗೆದದ್ದು. ಬೋರು ಆಗಲೇ ನಲವತ್ತು ಥೌ ದೊಡ್ಡದಾಗಿತ್ತು, ಅಲ್ಲಿಗೆ ಮಿತಿ ಮುಗಿಯಿತು. ಒಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸಿ ಮತ್ತೆ 3.125ಕ್ಕೆ ತಂದೆವು, ಸ್ಟ್ಯಾಂಡರ್ಡ್ ಪಿಸ್ಟನ್ ಬಂದವು.

ಪಿಸ್ಟನ್ ಸಂದು ನೋಡುವ ಹಳೇ ಪದ್ಧತಿ ನನಗೆ ಬಹಳ ಇಷ್ಟವಾಯಿತು. ಪಿಸ್ಟನ್ನಿನ ಪಕ್ಕ ಮೂರು ಥೌ ದಪ್ಪದ ಫೀಲರ್ ಪಟ್ಟಿ ಇಟ್ಟು ಬೋರಿಗೆ ಇಳಿಸಬೇಕು, ಆಮೇಲೆ ಪಟ್ಟಿಯನ್ನು ತೂಕದ ಕೊಕ್ಕೆಯಿಂದ ಎಳೆಯಬೇಕು. 5ರಿಂದ 10 ಪೌಂಡ್, ಅಂದರೆ ಸುಮಾರು ಎರಡೂಕಾಲಿನಿಂದ ನಾಲ್ಕೂವರೆ ಕೇಜಿ ಎಳೆತಕ್ಕೆ ಪಟ್ಟಿ ಜಾರಿ ಬಂದರೆ ಸಂದು ಸರಿ. ಶೆಡ್ಡಿನಲ್ಲಿ ಸ್ಪ್ರಿಂಗ್ ತಕ್ಕಡಿ ಇರಲಿಲ್ಲ. ಹುಡುಗ ಓಡಿಹೋಗಿ ಪಕ್ಕದ ಹಳೇ ಪೇಪರ್ ಅಂಗಡಿಯಿಂದ ಕೊಕ್ಕೆ ತಕ್ಕಡಿ ತಂದ. ಮೂರು ಪಿಸ್ಟನ್ ಮೂರೂಕಾಲು ಕೇಜಿ ಆಸುಪಾಸು ಬಂದವು. ನಾಲ್ಕನೆಯದು ಆರು ಕೇಜಿ ದಾಟಿತು. ಬೋರು ಉಜ್ಜುವ ಹೋನಿಂಗ್ ಇನ್ನೊಂದು ಕೈ ಬೇಕಾಯಿತು.

ಡಿಸ್ಟ್ರಿಬ್ಯೂಟರ್ ಕೂರಿಸುವಾಗ ಪಂಪನ್ನು ಒಂದು ಹಲ್ಲು ಆಚೀಚೆ ಹಾಕಿ ಮತ್ತೆ ತೆಗೆದದ್ದು ಸಣ್ಣ ಸಂಗತಿ. ಟ್ಯಾಪೆಟ್ಟಿನದು, ಅಂದರೆ ವಾಲ್ವಿಗೂ ಅದನ್ನು ಎತ್ತುವ ತುಂಡಿಗೂ ನಡುವಿನ ಸಂದಿನದು, ಸಣ್ಣದಲ್ಲ. ಶೆಡ್ಡಿನ ಗೋಡೆಗೆ ಅಂಟಿಸಿದ 'ಜೀಪ್ ಪೆಟ್ರೋಲ್' ಚಾರ್ಟಿನಲ್ಲಿ ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16 ಅಂತಿದೆ. ಅದು ಎಫ್-ಹೆಡ್ಡಿನದು. ಎಲ್-ಹೆಡ್ಡಿಗೆ ಎರಡೂ 16. ಇಷ್ಟು ವರ್ಷ ಆ ಚಾರ್ಟ್ ನೋಡಿ ಎಷ್ಟು ಎಲ್-ಹೆಡ್ ಹೊಂದಿಸಿದ್ದೀರಿ ಅಂತ ಕೇಳಿದೆ. ಮೇಸ್ತ್ರಿ ಉತ್ತರ ಕೊಡಲಿಲ್ಲ, ಬೆಣ್ಣೆ ದೋಸೆ ತರಿಸಿದರು.

ಎಂಜಿನ್ ಎದ್ದದ್ದು ಒಂದು ಭಾನುವಾರ ಮಧ್ಯಾಹ್ನ, ಹ್ಯಾಂಡಲಿನ ನಾಲ್ಕನೇ ಸುತ್ತಿಗೆ. ಬಿಸಿಯಾದ ಮೇಲೂ ಗೇಜಿನ ಮುಳ್ಳು ನಿಂತಿತ್ತು. ಮೂರನೇ ಪ್ಲಗ್ಗಿನ ವೈರ್ ತೆಗೆದರೂ ಹಾಕಿದರೂ ಸದ್ದಿನಲ್ಲಿ ವ್ಯತ್ಯಾಸ ಇಲ್ಲ, ಬರೀ ಎಂಜಿನ್ ಕುಂಟುತ್ತದೆ ಅಷ್ಟೇ. ಹಿಂದಿನ ಮೇನ್ ಸೀಲಿನಿಂದ ಎಣ್ಣೆ ಹನಿಯುವುದು ನಿಂತಿಲ್ಲ. ಅದಕ್ಕೆ ಮತ್ತೆ ಎಂಜಿನ್ ಇಳಿಸಲು ಮಾವ ಒಪ್ಪುತ್ತಿಲ್ಲ, ಜೀಪಿನ ಕೆಳಗೆ ಒಂದು ತಗಡಿನ ತಟ್ಟೆ ಇಟ್ಟಿದ್ದಾರೆ.

ಚೈನ್ ಎಂಜಿನ್ನಿನ ಹೊಸ ಪಂಪನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, 'ಚೈನ್' ಅಂತ ಚೀಟಿ ಕಟ್ಟಿ ನಮ್ಮ ಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಕಳೆದ ತಿಂಗಳು ಹಿರಿಯೂರಿನಿಂದ ಒಬ್ಬರು ಫೋನ್ ಮಾಡಿ, ತಮ್ಮದೂ ಎಂ.ಬಿ. ಬ್ಲಾಕು, ಪಂಪು ಕೊಡ್ತೀರಾ ಅಂತ ಕೇಳಿದರು. ಮೊದಲು ಹ್ಯಾಂಡಲ್ ಹಾಕಿ ತಿರುಗಿಸಿ, ಕ್ಯಾಮು ಯಾವ ಕಡೆ ತಿರುಗುತ್ತೆ ನೋಡಿ ಹೇಳಿ ಅಂದೆ. ಇನ್ನೂ ಫೋನ್ ಬಂದಿಲ್ಲ.